ಎದೆಯಲ್ಲಿ ನೀರು: ಸೂಜಿ ಸಾಕೆ, ಕೊಳವೆ ಬೇಕೆ?

ಲಗ್ಗೆರೆಯಿಂದ ಓದುಗ ಸೋದರಿಯೊಬ್ಬರು ಬರೆದಿದ್ದಾರೆ: “ನಮ್ಮ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟರ್ನರ್. ವಯಸ್ಸು 34. ಒಂದು ತಿಂಗಳಿಂದ ಸಂಜೆ ಜ್ವರ, ಒಣ ಕೆಮ್ಮು. ಬಲಗಡೆ ಎದೆಯಲ್ಲಿ ನೀರು ತುಂಬಿದೆ, ಸೂಜಿ ಹಾಕಿ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದಾರೆ. ಅತ್ತೆಯವರು ಬೇಡವೇ ಬೇಡ ಎನ್ನುತ್ತಾರೆ. ಅವರ ಊರಿನಲ್ಲಿ ಒಬ್ಬರು ಹೀಗೆ ನೀರು ತೆಗೆಸಿಕೊಂಡು ಮೂರೇ ತಿಂಗಳಲ್ಲಿ ತೀರಿಕೊಂಡರಂತೆ. ಒಮ್ಮೆ ತೆಗೆಸಿದರೆ ಮತ್ತೆ ಮತ್ತೆ ತುಂಬುತ್ತದೆಯಂತೆ. ಪಕ್ಕದ ಬೀದಿಯ ಹುಡುಗನಿಗೆ ಟ್ಯೂಬ್ ಹಾಕಿ ಹತ್ತು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಇವರಿಗೆ ಮಾತ್ರ ಸೂಜಿ ಸಾಕು ಎನ್ನುತ್ತಾರೆ. ಯಾವುದನ್ನು ನಂಬುವುದು? ಈಗ ನೋವೂ ಕಡಿಮೆಯಾಗಿದೆ, ಕೆಲಸಕ್ಕೆ ಹೋಗುತ್ತೇನೆ ಎಂದು ಇವರು ಹಟ ಹಿಡಿದಿದ್ದಾರೆ.”

ಈ ಪತ್ರದಲ್ಲಿರುವ ಭಯ ಒಬ್ಬರದಲ್ಲ. ಎದೆನೀರಿನ ವಿಷಯ ಬಂದಾಗ ಬಹುತೇಕ ಎಲ್ಲ ಮನೆಗಳಲ್ಲೂ ಇದೇ ಮಾತು ಏಳುತ್ತದೆ. ಆದ್ದರಿಂದ ಈ ವಾರ, ಶ್ವಾಸಕೋಶದ ಸುತ್ತ ನೀರು ಏಕೆ ತುಂಬುತ್ತದೆ, ಅದನ್ನು ತೆಗೆಯಲು ಎಷ್ಟು ವಿಧಾನಗಳಿವೆ, ಯಾರಿಗೆ ಯಾವುದು ಎಂಬುದನ್ನು ವಿವರವಾಗಿ ನೋಡೋಣ.

ಎರಡು ಪೊರೆಗಳ ನಡುವೆ

ನೀರು ಶ್ವಾಸಕೋಶದ ಒಳಗೆ ತುಂಬುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಪ್ರತಿಯೊಂದು ಶ್ವಾಸಕೋಶಕ್ಕೂ ತೆಳುವಾದ ಒಂದು ಪೊರೆಯ ಹೊದಿಕೆ ಇದೆ. ಎದೆಗೂಡಿನ ಒಳಗೋಡೆಗೂ ಅಂಥದೇ ಪೊರೆ ಅಂಟಿಕೊಂಡಿದೆ. ಇವಕ್ಕೆ ಪ್ಲೂರಾ ಎಂದು ಹೆಸರು. ಈ ಎರಡು ಪೊರೆಗಳ ನಡುವೆ ಆರೋಗ್ಯವಂತರಲ್ಲೂ ಎರಡು ಮೂರು ಟೀ ಚಮಚದಷ್ಟು ದ್ರವ ಇರುತ್ತದೆ. ಯಂತ್ರದ ಬೇರಿಂಗಿಗೆ ಎಣ್ಣೆ ಇದ್ದ ಹಾಗೆ ಇದು. ಉಸಿರಾಡುವಾಗ ಒಂದು ಪೊರೆ ಇನ್ನೊಂದರ ಮೇಲೆ ನುಣುಪಾಗಿ ಜಾರಲು ಈ ದ್ರವ ಬೇಕು.

ಈ ದ್ರವ ನಿಂತ ನೀರಲ್ಲ. ಒಂದು ಕಡೆ ಊರುತ್ತಲೇ ಇರುತ್ತದೆ, ಇನ್ನೊಂದು ಕಡೆ ಹೀರಿಹೋಗುತ್ತಲೇ ಇರುತ್ತದೆ. ಊರುವುದು ಹೆಚ್ಚಾದರೆ ಅಥವಾ ಹೀರುವ ದಾರಿ ಕಟ್ಟಿಕೊಂಡರೆ ನೀರು ಶೇಖರವಾಗುತ್ತದೆ. ಕೆಲವರಲ್ಲಿ ಇದು ಎರಡು ಮೂರು ಲೀಟರಿನಷ್ಟಾಗುವುದೂ ಉಂಟು. ಎದೆಗೂಡು ಎಲುಬಿನ ಪೆಟ್ಟಿಗೆ, ಬಲೂನಿನಂತೆ ಹಿಗ್ಗುವುದಿಲ್ಲ. ನೀರಿಗೆ ಜಾಗ ಕೊಡಲು ಮೆತ್ತನೆಯ ಶ್ವಾಸಕೋಶವೇ ಕುಗ್ಗಬೇಕು, ಕೆಳಗಿನ ವಪೆಯೂ ಕೆಳಕ್ಕೆ ತಗ್ಗಬೇಕು. ಏದುಸಿರು ಬರುವುದು ಇದರಿಂದಲೇ.

ನೀರು ತುಂಬಲು ಕಾರಣಗಳನ್ನು ಎರಡು ಗುಂಪು ಮಾಡಬಹುದು. ಹೃದಯದ ಸೋಲು, ಯಕೃತ್ತಿನ ಸಿರೋಸಿಸ್, ಮೂತ್ರಪಿಂಡದ ಕಾಯಿಲೆ, ರಕ್ತದಲ್ಲಿ ಪ್ರೋಟೀನ್ ಕೊರತೆ ಇವು ಮೊದಲನೆಯ ಗುಂಪು. ಇಲ್ಲಿ ಪೊರೆಗೆ ಏನೂ ಆಗಿರುವುದಿಲ್ಲ. ದೇಹದ ಒತ್ತಡ ವ್ಯತ್ಯಾಸದಿಂದ ತೆಳುನೀರು ಸೋರಿರುತ್ತದೆ. ಎರಡನೆಯ ಗುಂಪಿನಲ್ಲಿ ಪೊರೆಯೇ ಉರಿಯೂತಕ್ಕೆ ಸಿಕ್ಕಿರುತ್ತದೆ. ಕ್ಷಯ, ನ್ಯುಮೋನಿಯಾ, ಕ್ಯಾನ್ಸರ್ ಇದರಲ್ಲಿ ಮುಖ್ಯವಾದವು. ನಮ್ಮ ದೇಶದಲ್ಲಿ ಯುವಕರ ಎದೆಯ ಒಂದೇ ಪಕ್ಕದಲ್ಲಿ ನೀರು ತುಂಬಿ, ಜೊತೆಗೆ ಜ್ವರವಿದ್ದರೆ ವೈದ್ಯರು ಮೊದಲು ಯೋಚಿಸುವುದು ಕ್ಷಯವನ್ನು.

ನೋವು ಹೋದರೆ ಗುಣವಾಯಿತೆ?

ಪತ್ರದಲ್ಲಿ ಒಂದು ಮಾತಿದೆ: “ಈಗ ನೋವೂ ಕಡಿಮೆಯಾಗಿದೆ.” ಇದು ಬಹಳ ಜನರನ್ನು ಮೋಸಗೊಳಿಸುವ ಲಕ್ಷಣ. ಉರಿಯೂತ ಬಂದ ಎರಡು ಪೊರೆಗಳು ಒಂದಕ್ಕೊಂದು ಉಜ್ಜಿದಾಗ, ಉಸಿರು ಎಳೆದರೆ, ಕೆಮ್ಮಿದರೆ ಪಕ್ಕೆಯಲ್ಲಿ ಚುಚ್ಚಿದಂತೆ ನೋವಾಗುತ್ತದೆ. ನಡುವೆ ನೀರು ತುಂಬಿಕೊಂಡರೆ ಪೊರೆಗಳು ದೂರ ಸರಿಯುತ್ತವೆ, ಉಜ್ಜುವುದು ನಿಲ್ಲುತ್ತದೆ, ನೋವು ಇಳಿಯುತ್ತದೆ. ಅಂದರೆ ಹಲವು ಬಾರಿ ನೋವು ಇಳಿಯುವುದು ಕಾಯಿಲೆ ವಾಸಿಯಾದದ್ದಕ್ಕಲ್ಲ, ನೀರು ಹೆಚ್ಚಾದದ್ದಕ್ಕೆ. ನೋವು ಹೋಗಿ, ಮೆಟ್ಟಿಲು ಹತ್ತುವಾಗ ಏದುಸಿರು ಶುರುವಾಗಿದ್ದರೆ, ಒಂದೇ ಮಗ್ಗುಲಿಗೆ ಮಲಗಿದರೆ ಮಾತ್ರ ಹಾಯೆನಿಸಿದರೆ ಕೂಡಲೇ ವೈದ್ಯರನ್ನು ಕಾಣಬೇಕು.

ಎದೆಯ ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಸುಮಾರು 200 ಮಿಲಿಲೀಟರಿನಷ್ಟು ನೀರಾದ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಅಲ್ಟ್ರಾಸೌಂಡ್ ಅದಕ್ಕಿಂತ ಬಹಳ ಕಡಿಮೆ ನೀರನ್ನೂ ತೋರಿಸಬಲ್ಲದು. ನೀರು ತಿಳಿಯಾಗಿದೆಯೇ, ಗಟ್ಟಿಯಾಗಿದೆಯೇ, ನಡುನಡುವೆ ಪರದೆ ಕಟ್ಟಿಕೊಂಡು ಕೋಣೆಗಳಾಗಿವೆಯೇ ಎಂಬುದನ್ನೂ ಅದು ಹೇಳುತ್ತದೆ. ಯಾವ ವಿಧಾನ ಸರಿ ಎಂಬ ತೀರ್ಮಾನಕ್ಕೆ ಈ ಮಾಹಿತಿ ಬಹಳ ಮುಖ್ಯ.

ಮೊದಲನೆಯ ವಿಧಾನ: ಸೂಜಿ

ಎಲ್ಲಕ್ಕಿಂತ ಸರಳವಾದದ್ದು ಸೂಜಿಯಿಂದ ನೀರು ತೆಗೆಯುವುದು. ಇದಕ್ಕೆ ಎರಡು ಉದ್ದೇಶಗಳಿವೆ. ಒಂದು, ಪರೀಕ್ಷೆ, ಇನ್ನೊಂದು, ಉಸಿರಾಟಕ್ಕೆ ಆರಾಮ. ಪರೀಕ್ಷೆಗೆ 50 ಮಿಲಿಲೀಟರ್ ಸಾಕು.

ರೋಗಿಯನ್ನು ಕುಳ್ಳಿರಿಸಿ, ಮುಂದಿನ ಮೇಜಿನ ಮೇಲೆ ದಿಂಬಿಟ್ಟು, ಅದರ ಮೇಲೆ ಕೈ ಮಡಿಸಿ ಬಾಗುವಂತೆ ಹೇಳುತ್ತಾರೆ. ಬೆನ್ನಿನ ಕಡೆಯಿಂದ, ಅಲ್ಟ್ರಾಸೌಂಡಿನಲ್ಲಿ ಗುರುತು ಮಾಡಿದ ಜಾಗದಲ್ಲಿ ಮೊದಲು ಮರವುಗಟ್ಟಿಸುವ ಔಷಧಿ ಚುಚ್ಚುತ್ತಾರೆ. ನಂತರ ಎರಡು ಪಕ್ಕೆಲುಬುಗಳ ನಡುವೆ, ಕೆಳಗಿನ ಎಲುಬಿನ ಮೇಲಂಚಿಗೆ ತಾಗಿದಂತೆ ಸೂಜಿ ಇಳಿಸುತ್ತಾರೆ. ಪ್ರತಿ ಪಕ್ಕೆಲುಬಿನ ಕೆಳಅಂಚಿನಲ್ಲಿ ರಕ್ತನಾಳ ಮತ್ತು ನರ ಹಾದುಹೋಗುವುದರಿಂದ ಈ ಎಚ್ಚರ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಬಹಳ ಜನ ಅದೇ ದಿನ ಮನೆಗೆ ಹೋಗಬಹುದು.

ಒಂದೇ ಸಲಕ್ಕೆ ಎಲ್ಲ ನೀರನ್ನೂ ಏಕೆ ತೆಗೆಯುವುದಿಲ್ಲ ಎಂದು ಮನೆಯವರು ಕೇಳುವುದುಂಟು. ಬಹುಕಾಲ ಕುಗ್ಗಿದ್ದ ಶ್ವಾಸಕೋಶ ಒಮ್ಮೆಲೇ ಅರಳಿದರೆ ಅದರೊಳಗೇ ದ್ರವ ಸೋರಿ ಅಪಾಯವಾಗುವ ಸಂಭವವಿದೆ. ಇದು ಅಪರೂಪ, ಆದರೆ ಗಂಭೀರ. ಆದ್ದರಿಂದ ಒಂದು ಬಾರಿಗೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಲೀಟರಿಗೆ ನಿಲ್ಲಿಸುತ್ತಾರೆ. ತೆಗೆಯುವಾಗ ಎದೆ ಬಿಗಿದಂತಾದರೆ, ಬಿಡದೆ ಕೆಮ್ಮು ಬಂದರೆ, ತಲೆ ಸುತ್ತಿದರೆ ಸಹಿಸಿಕೊಂಡು ಕೂರಬಾರದು, ತಕ್ಷಣ ಹೇಳಬೇಕು.

ಸೂಜಿಯಿಂದ ಆಗಬಹುದಾದ ತೊಂದರೆಗಳು ಮುಖ್ಯವಾಗಿ ಎರಡು: ಶ್ವಾಸಕೋಶಕ್ಕೆ ತಾಗಿ ಗಾಳಿ ಸೋರುವುದು ಮತ್ತು ರಕ್ತಸ್ರಾವ. ಅಲ್ಟ್ರಾಸೌಂಡ್ ನೋಡಿಕೊಂಡು ಮಾಡಿದರೆ ಗಾಳಿ ಸೋರುವ ಸಂಭವ ಗಣನೀಯವಾಗಿ ಕಡಿಮೆಯಾಗುತ್ತದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಮುಂತಾದ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಲೂಬಾರದು.

ತೆಗೆದ ನೀರಿನಲ್ಲಿ ಏನು ನೋಡುತ್ತಾರೆ? ಬಣ್ಣ, ಜೀವಕೋಶಗಳು, ಪ್ರೋಟೀನ್, ಸಕ್ಕರೆ, ಎಲ್.ಡಿ.ಎಚ್. ಎಂಬ ಕಿಣ್ವ. ನೀರಿನ ಮತ್ತು ರಕ್ತದ ಪ್ರೋಟೀನ್, ಕಿಣ್ವಗಳನ್ನು ಹೋಲಿಸಿ ಅದು ಯಾವ ಗುಂಪಿನದೆಂದು ಗುರುತಿಸುವ ಕ್ರಮವನ್ನು ಅಮೆರಿಕದ ವೈದ್ಯ ರಿಚರ್ಡ್ ಲೈಟ್ ಮತ್ತು ಸಂಗಡಿಗರು 1972ರಲ್ಲಿ ಪ್ರಕಟಿಸಿದರು. ಇಂದಿಗೂ ಅದೇ ಬಳಕೆಯಲ್ಲಿದೆ. ಕ್ಷಯದ ಅನುಮಾನವಿದ್ದರೆ ಎ.ಡಿ.ಎ. ಎಂಬ ಇನ್ನೊಂದು ಕಿಣ್ವವನ್ನು ಅಳೆಯುತ್ತಾರೆ. ಅದು 40ಕ್ಕಿಂತ ಹೆಚ್ಚಿದ್ದು, ಲಿಂಫೋಸೈಟ್ ಜೀವಕೋಶಗಳೇ ಹೆಚ್ಚಾಗಿ ಕಂಡರೆ ಕ್ಷಯದ ಸಾಧ್ಯತೆ ಬಲವಾಗುತ್ತದೆ. ಕ್ಷಯದ ಕ್ರಿಮಿಯನ್ನೇ ಹುಡುಕುವ ಪರೀಕ್ಷೆಗಳೂ ಇವೆ. ಆದರೆ ಎದೆನೀರಿನಲ್ಲಿ ಕ್ರಿಮಿಗಳು ಬಹಳ ಕಡಿಮೆ ಇರುವುದರಿಂದ ‘ಕ್ರಿಮಿ ಸಿಗಲಿಲ್ಲ’ ಎಂದ ಮಾತ್ರಕ್ಕೆ ಕ್ಷಯವಿಲ್ಲ ಎಂದಾಗುವುದಿಲ್ಲ.

ಈಗ ಲಗ್ಗೆರೆಯ ಸೋದರಿಯ ಪ್ರಶ್ನೆಗೆ ಬರೋಣ. ಅವರ ಯಜಮಾನರದು ಕ್ಷಯದ ನೀರೆಂದು ಖಚಿತವಾದರೆ ಏನು ಮಾಡುತ್ತಾರೆ? ಕ್ಷಯದ ಎದೆನೀರು ಸಾಮಾನ್ಯವಾಗಿ ಒಣಹುಲ್ಲಿನ ಬಣ್ಣದ ತಿಳಿನೀರು. ಔಷಧಿ ಶುರು ಮಾಡಿದರೆ ಕೆಲವು ವಾರಗಳಲ್ಲಿ ಅದು ಬಹುಪಾಲು ತಾನಾಗಿಯೇ ಹೀರಿಹೋಗುತ್ತದೆ. ಪರೀಕ್ಷೆಗೆ ಒಮ್ಮೆ, ಏದುಸಿರು ಇದ್ದರೆ ಆರಾಮಕ್ಕೆ ಒಂದೆರಡು ಬಾರಿ ಸೂಜಿಯಿಂದ ತೆಗೆದರೆ ಸಾಕು. ಕೊಳವೆಯ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ನಿಜವಾದ ಚಿಕಿತ್ಸೆ ಎಂದರೆ ಆರು ತಿಂಗಳ ಮಾತ್ರೆ: ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು ಔಷಧಿ. ನೀರು ಇಳಿಯಿತು, ಜ್ವರ ಬಿಟ್ಟಿತು ಎಂದು ಎರಡೇ ತಿಂಗಳಿಗೆ ಮಾತ್ರೆ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಇನ್ನು ಹೃದಯದ ಸೋಲಿನಿಂದ ಎರಡೂ ಕಡೆ ತುಂಬಿದ ನೀರಿಗೆ ಬಹಳ ಸಲ ಸೂಜಿಯೂ ಬೇಕಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ, ಉಪ್ಪಿನ ಮಿತಿ, ಹೃದಯದ ಚಿಕಿತ್ಸೆಯಿಂದಲೇ ಇಳಿಯುತ್ತದೆ.

ಎರಡನೆಯ ವಿಧಾನ: ಸಣ್ಣ ಕೊಳವೆ

ಪಕ್ಕದ ಬೀದಿಯ ಹುಡುಗನಿಗೆ ಟ್ಯೂಬ್ ಏಕೆ ಹಾಕಿದರು? ಪತ್ರದಲ್ಲಿ ವಿವರವಿಲ್ಲ. ಆದರೆ ಹರೆಯದವರಿಗೆ ಕೊಳವೆ ಹಾಕಬೇಕಾಗಿ ಬರುವ ಸಾಮಾನ್ಯ ಸಂದರ್ಭ ಒಂದುಂಟು. ಎಲೆಕ್ಟ್ರಾನಿಕ್ ಸಿಟಿಯ ಆಚೆ ಬೊಮ್ಮಸಂದ್ರ, ಹೆಬ್ಬಗೋಡಿಗಳಲ್ಲಿ ಒಂದೊಂದು ಕೋಣೆಯಲ್ಲಿ ನಾಲ್ಕೈದು ಮಂದಿ ಕೂಡಿ ಬಾಳುವ ಗುತ್ತಿಗೆ ಕೆಲಸಗಾರ ಹುಡುಗರನ್ನು ಉದಾಹರಣೆಗೆ ತೆಗೆದುಕೊಳ್ಳಿ. ಒಬ್ಬನಿಗೆ ಚಳಿಜ್ವರ, ಹಳದಿ ಕಫ. ರಜೆ ಹಾಕಿದರೆ ಸಂಬಳ ಕಟ್ಟು. ಔಷಧಿ ಅಂಗಡಿಯಲ್ಲಿ ಕೇಳಿ ಎರಡು ದಿನದ ಮಾತ್ರೆ ನುಂಗಿ ಪಾಳಿಗೆ ಹೋಗುತ್ತಾನೆ. ಜ್ವರ ಇಳಿದು ಮತ್ತೆ ಏರುತ್ತದೆ. ಹತ್ತು ಹನ್ನೆರಡು ದಿನ ಕಳೆದು ಆಸ್ಪತ್ರೆಗೆ ಬರುವ ಹೊತ್ತಿಗೆ ನ್ಯುಮೋನಿಯಾದ ಪಕ್ಕದಲ್ಲೇ ತುಂಬಿದ್ದ ತಿಳಿನೀರು ಕೀವಾಗಿರುತ್ತದೆ.

ಕೀವಿಗೆ ಸೂಜಿ ಸಾಲದು. ಔಷಧಿ ಮಾತ್ರವೂ ಸಾಲದು. ಅದು ಹರಿದು ಹೊರಗೆ ಹೋಗಲು ದಾರಿ ಬೇಕು. ನೀರು ನೋಡಲು ತಿಳಿಯಾಗಿದ್ದರೂ ಅದರಲ್ಲಿ ಆಮ್ಲೀಯತೆ ಹೆಚ್ಚಿದ್ದರೆ, ಅಂದರೆ ಪಿ.ಎಚ್. 7.2ಕ್ಕಿಂತ ಕಡಿಮೆಯಾಗಿದ್ದರೆ, ಅಥವಾ ಸಕ್ಕರೆಯ ಅಂಶ 60 ಮಿಲಿಗ್ರಾಮಿಗಿಂತ ಕೆಳಗಿದ್ದರೆ ಅದು ಕೀವಾಗುವ ಹಾದಿಯಲ್ಲಿದೆ ಎಂದು ತಿಳಿದು ಕೊಳವೆ ಹಾಕುತ್ತಾರೆ.

ಸಣ್ಣ ಕೊಳವೆಗೆ ಪಿಗ್‌ಟೇಲ್ ಎಂದು ಹೆಸರು. ಒಳಗಿನ ತುದಿ ಹಂದಿಯ ಬಾಲದಂತೆ ಸುರುಳಿಯಾಗಿರುವುದರಿಂದ ಅದು ಸುಲಭವಾಗಿ ಜಾರಿ ಬರುವುದಿಲ್ಲ. ಮೊದಲು ಸೂಜಿ, ಸೂಜಿಯೊಳಗಿಂದ ತೆಳುವಾದ ತಂತಿ, ತಂತಿಯ ಮೇಲಿಂದ ಕೊಳವೆ. ಇದು ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ರಕ್ತನಾಳಗಳಿಗಾಗಿ ತೋರಿಸಿಕೊಟ್ಟ ಉಪಾಯ. ದೊಡ್ಡ ಗಾಯ ಬೇಕಿಲ್ಲ, ನೋವು ಕಡಿಮೆ, ರೋಗಿ ಓಡಾಡಬಹುದು.

ಕೊಳವೆಗಳ ದಪ್ಪವನ್ನು ಫ್ರೆಂಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮೂರು ಫ್ರೆಂಚ್ ಎಂದರೆ ಒಂದು ಮಿಲಿಮೀಟರ್. ಸಣ್ಣ ಕೊಳವೆಗಳು 14 ಫ್ರೆಂಚ್ ಅಥವಾ ಅದಕ್ಕಿಂತ ಕಡಿಮೆ, ಅಂದರೆ ಐದು ಮಿಲಿಮೀಟರಿಗಿಂತ ಒಳಗೆ. ದೊಡ್ಡವು 24ರಿಂದ 32 ಫ್ರೆಂಚ್, ಅಂದರೆ ಎಂಟರಿಂದ ಹತ್ತೂವರೆ ಮಿಲಿಮೀಟರ್. ಕೀವು ದಪ್ಪ, ಆದ್ದರಿಂದ ಕೊಳವೆಯೂ ದಪ್ಪವಿರಬೇಕು ಎಂದು ಹಿಂದೆ ಎಲ್ಲ ವೈದ್ಯರೂ ನಂಬಿದ್ದರು. ಬ್ರಿಟನ್ನಿನಲ್ಲಿ ನಡೆದ ಒಂದು ದೊಡ್ಡ ಅಧ್ಯಯನದ ಮಾಹಿತಿಯನ್ನು 2010ರಲ್ಲಿ ಮತ್ತೆ ಪರಿಶೀಲಿಸಿದಾಗ, ಸಣ್ಣ ಕೊಳವೆ ಹಾಕಿದವರಿಗೂ ದೊಡ್ಡದು ಹಾಕಿದವರಿಗೂ ಸಾವು ಅಥವಾ ಶಸ್ತ್ರಚಿಕಿತ್ಸೆಯ ಅಗತ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ನೋವು ಮಾತ್ರ ಸಣ್ಣದರಲ್ಲಿ ಕಡಿಮೆ ಇತ್ತು. ಆದ್ದರಿಂದ ಈಗ ಎದೆಯ ಸೋಂಕಿನ ನೀರಿಗೂ ಅನೇಕ ಕಡೆ ಸಣ್ಣ ಕೊಳವೆಯಿಂದಲೇ ಪ್ರಾರಂಭಿಸುತ್ತಾರೆ. ಅದು ಕಟ್ಟಿಕೊಳ್ಳದಂತೆ ದಿನಕ್ಕೆ ಕೆಲವು ಬಾರಿ ಶುದ್ಧ ಲವಣಜಲದಿಂದ ತೊಳೆಯಬೇಕಾಗುತ್ತದೆ.

ಮೂರನೆಯ ವಿಧಾನ: ದೊಡ್ಡ ಕೊಳವೆ

ಹಾಗಾದರೆ ದೊಡ್ಡ ಕೊಳವೆಗೆ ಕೆಲಸವಿಲ್ಲವೆ? ಇದೆ. ತುಮಕೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದವರು, ಕಟ್ಟಡದ ಸಾರುವೆಯಿಂದ ಉರುಳಿದವರು, ಯಂತ್ರಕ್ಕೆ ಸಿಕ್ಕಿ ಪಕ್ಕೆಲುಬು ಮುರಿದವರ ಎದೆಯಲ್ಲಿ ತುಂಬುವುದು ನೀರಲ್ಲ, ರಕ್ತ. ಅದು ಹೆಪ್ಪುಗಟ್ಟಿ ಸಣ್ಣ ಕೊಳವೆಯನ್ನು ಮುಚ್ಚಿಬಿಡುತ್ತದೆ. ಎಷ್ಟು ರಕ್ತ ಬರುತ್ತಿದೆ ಎಂದು ಗಂಟೆಗಂಟೆಗೆ ಅಳೆಯಲೂ ಬೇಕು. ಒಮ್ಮೆಗೇ ಒಂದೂವರೆ ಲೀಟರ್ ಬಂದರೆ ಅಥವಾ ಗಂಟೆಗೆ 200 ಮಿಲಿಲೀಟರಿನಂತೆ ಸುರಿಯುತ್ತಲೇ ಇದ್ದರೆ ಎದೆ ತೆರೆದು ರಕ್ತಸ್ರಾವ ನಿಲ್ಲಿಸಬೇಕಾಗಬಹುದು. ಇಂಥವರಿಗೆ ಕಂಕುಳ ಕೆಳಗೆ ಸಣ್ಣ ಗಾಯ ಮಾಡಿ, ಬೆರಳು ತೂರಿಸಿ ಜಾಗ ಖಚಿತಪಡಿಸಿಕೊಂಡು ದೊಡ್ಡ ಕೊಳವೆ ಹಾಕುತ್ತಾರೆ. ಬಹಳ ಮಂದವಾದ ಕೀವಿಗೂ, ಸಣ್ಣ ಕೊಳವೆ ಪದೇ ಪದೇ ಕಟ್ಟಿಕೊಂಡಾಗಲೂ ಇದೇ ದಾರಿ.

ಕೊಳವೆಯ ಹೊರತುದಿಯನ್ನು ಬಾಟಲಿಯ ನೀರಿನಲ್ಲಿ ಸುಮಾರು ಎರಡು ಸೆಂಟಿಮೀಟರ್ ಮುಳುಗಿಸಿರುತ್ತಾರೆ. ಒಳಗಿನ ಗಾಳಿ, ಕೀವು ಹೊರಬರಬಹುದು. ಹೊರಗಿನ ಗಾಳಿ ಒಳಹೋಗುವಂತಿಲ್ಲ. ಈ ನೀರಿನ ಬಾಗಿಲನ್ನು 19ನೇ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ವೈದ್ಯ ಬ್ಯೂಲೌ ಬಳಕೆಗೆ ತಂದರು. ಆದರೆ ಅದರ ಮಹತ್ವ ಜಗತ್ತಿಗೆ ಗೊತ್ತಾದದ್ದು 1918ರ ಇನ್‌ಫ್ಲುಯೆಂಜಾ ಮಾರಿಯ ಕಾಲದಲ್ಲಿ. ಆಗ ಅಮೆರಿಕದ ಸೈನಿಕ ಶಿಬಿರಗಳಲ್ಲಿ ಕೀವು ತುಂಬಿದವರ ಎದೆಯನ್ನು ಬೇಗನೆ ತೆರೆದುಬಿಡುತ್ತಿದ್ದರು, ನೂರಕ್ಕೆ ಸುಮಾರು ಮೂವತ್ತು ಜನ ಸಾಯುತ್ತಿದ್ದರು. ಇವಾರ್ಟ್ಸ್ ಗ್ರಹಾಂ ಅವರಿದ್ದ ತನಿಖಾ ಸಮಿತಿ, ಎದೆಯನ್ನು ಹೊರಗಾಳಿಗೆ ತೆರೆಯದೆ ಮುಚ್ಚಿದ ಕ್ರಮದಲ್ಲೇ ಕೀವು ತೆಗೆಯಬೇಕು, ರೋಗಿಗೆ ಒಳ್ಳೆಯ ಪೋಷಣೆ ಕೊಡಬೇಕು ಎಂದು ಸೂಚಿಸಿದ ಮೇಲೆ ಸಾವಿನ ಪ್ರಮಾಣ ನೂರಕ್ಕೆ ಐದಕ್ಕಿಂತ ಕೆಳಗಿಳಿಯಿತು. ಆಗಿನ್ನೂ ಪೆನಿಸಿಲಿನ್ ಕಂಡುಹಿಡಿದಿರಲಿಲ್ಲ ಎಂಬುದನ್ನು ಗಮನಿಸಬೇಕು.

ಕೀವು ಗಟ್ಟಿಯಾದರೆ

ಕೀವು ಒಂದೇ ಸ್ಥಿತಿಯಲ್ಲಿ ನಿಲ್ಲುವುದಿಲ್ಲ. ಮೊದಲ ಕೆಲವು ದಿನ ಗಂಜಿಯ ತಿಳಿಯಂತೆ ಹರಿಯುತ್ತದೆ. ಆಮೇಲೆ ಗಂಜಿಯಂತೆ ಮಂದವಾಗಿ, ಜೇಡರ ಬಲೆಯಂಥ ಎಳೆಗಳು ಕಟ್ಟಿಕೊಂಡು ಕೋಣೆ ಕೋಣೆಯಾಗುತ್ತದೆ. ಎರಡು ಮೂರು ವಾರ ಕಳೆದರೆ ಶ್ವಾಸಕೋಶದ ಮೇಲೆ ಚಕ್ಕೆಯಂತೆ ದಪ್ಪ ಪೊರೆ ಬೆಳೆದು ಅದು ಅರಳದಂತೆ ಬಿಗಿದುಬಿಡುತ್ತದೆ. ಮೊದಲ ಹಂತಕ್ಕೆ ಔಷಧಿ ಮತ್ತು ಕೊಳವೆ ಸಾಕು. ಎರಡನೆಯ ಹಂತದಲ್ಲಿ ಎಳೆಗಳನ್ನು ಕರಗಿಸುವ ಔಷಧಿಗಳನ್ನು ಕೊಳವೆಯ ಮೂಲಕ ಒಳಗೆ ಬಿಡಬಹುದು. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಹೆಪ್ಪು ಕರಗಿಸುವ ಔಷಧಿ ಮತ್ತು ಕೀವಿನ ಮಂದತೆ ತಗ್ಗಿಸುವ ಔಷಧಿ ಎರಡನ್ನೂ ಕೂಡಿಸಿ ಕೊಟ್ಟಾಗ ಶಸ್ತ್ರಚಿಕಿತ್ಸೆಗೆ ಹೋಗುವವರು ಕಡಿಮೆಯಾದರು. ಒಂದನ್ನೇ ಕೊಟ್ಟಾಗ ಆ ಪ್ರಯೋಜನ ಸಿಗಲಿಲ್ಲ. ಇವು ದುಬಾರಿ ಔಷಧಿಗಳು.

ಇವೂ ಫಲಿಸದಿದ್ದರೆ ಎದೆಯಲ್ಲಿ ಎರಡು ಮೂರು ಸಣ್ಣ ರಂಧ್ರ ಮಾಡಿ ಕ್ಯಾಮೆರಾ ತೂರಿಸಿ ಕೀವು, ಎಳೆಗಳನ್ನು ಶುದ್ಧಮಾಡುವ ಶಸ್ತ್ರಚಿಕಿತ್ಸೆ ಇದೆ. ತೀರಾ ತಡವಾದರೆ ಎದೆ ತೆರೆದು ಆ ದಪ್ಪ ಚಕ್ಕೆಯನ್ನು ಸುಲಿಯಬೇಕಾಗುತ್ತದೆ. ಒಂದು ವಾರದ ತಡದಿಂದ ಐದು ಮಿಲಿಮೀಟರ್ ಕೊಳವೆಯಿಂದ ಮುಗಿಯಬಹುದಾಗಿದ್ದ ಕೆಲಸ ದೊಡ್ಡ ಆಪರೇಷನ್ನಿಗೆ ಹೋಗಿಬಿಡಬಹುದು. ರಜೆ ಹಾಕಿದರೆ ಸಂಬಳ ಹೋಗುತ್ತದೆಂದು ತಡಮಾಡುವವರು ಈ ಲೆಕ್ಕವನ್ನೂ ಹಾಕಬೇಕು.

ಮತ್ತೆ ಮತ್ತೆ ತುಂಬುವ ನೀರು

ಇನ್ನೊಂದು ಮನೆಯನ್ನು ನೋಡೋಣ. ವೈಟ್‌ಫೀಲ್ಡ್ ಕಡೆ, ಹೂಡಿಯ ಅಪಾರ್ಟ್‌ಮೆಂಟಿನಲ್ಲಿ ಮಗಳ ಜೊತೆ ಇರುವ ಅರವತ್ತೈದರ ತಾಯಿ. ಕೆಲವು ವರ್ಷಗಳ ಹಿಂದೆ ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿತ್ತು. ಈಗ ಎದೆಯಲ್ಲಿ ನೀರು. ತೆಗೆದ ಎರಡು ವಾರಕ್ಕೆ ಮತ್ತೆ ಅಷ್ಟೇ. “ಅಮ್ಮನಿಗೆ ಎಷ್ಟು ಸಲ ಸೂಜಿ ಚುಚ್ಚಿಸುವುದು?” ಎಂದು ಮಗಳು ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ.

ಇಂಥ ಸಂದರ್ಭದಲ್ಲಿ ಎರಡು ದಾರಿಗಳಿವೆ. ಮೊದಲನೆಯದು, ನೀರನ್ನೆಲ್ಲ ಕೊಳವೆಯಿಂದ ತೆಗೆದು, ಶುದ್ಧೀಕರಿಸಿದ ಟಾಲ್ಕ್ ಪುಡಿಯನ್ನು ಪೊರೆಗಳ ನಡುವೆ ಬಿಟ್ಟು ಅವೆರಡೂ ಒಂದಕ್ಕೊಂದು ಅಂಟಿಕೊಳ್ಳುವಂತೆ ಮಾಡುವುದು. ನಮ್ಮ ದೇಶದಲ್ಲಿ ಕಡಿಮೆ ಖರ್ಚಿನ ಪೊವಿಡೋನ್ ಅಯೋಡಿನ್ ದ್ರಾವಣವನ್ನೂ ಇದಕ್ಕೆ ಬಳಸುತ್ತಾರೆ. ಅಂಟಿಕೊಂಡರೆ ನೀರು ನಿಲ್ಲಲು ಜಾಗವೇ ಇರುವುದಿಲ್ಲ. ಕೆಲವು ದಿನ ಆಸ್ಪತ್ರೆಯಲ್ಲಿರಬೇಕು, ನೋವು ಜ್ವರ ಬರಬಹುದು. ಶ್ವಾಸಕೋಶ ಪೂರ್ತಿ ಅರಳುವಂತಿದ್ದರೆ ಮಾತ್ರ ಇದು ಫಲಿಸುತ್ತದೆ.

ಎರಡನೆಯದು, ಮೆತ್ತನೆಯ ಕೊಳವೆಯೊಂದನ್ನು ಚರ್ಮದ ಅಡಿಯಲ್ಲಿ ಸ್ವಲ್ಪ ದೂರ ಹಾಯಿಸಿ ಎದೆಯೊಳಗೆ ಇಟ್ಟು, ಹೊರತುದಿಗೆ ಮುಚ್ಚಳ ಹಾಕಿ ಮನೆಗೆ ಕಳಿಸುವುದು. ತರಬೇತಿ ಪಡೆದ ಮನೆಯವರು ಅಥವಾ ನರ್ಸ್ ವಾರಕ್ಕೆ ಎರಡು ಮೂರು ಬಾರಿ ನೀರು ಇಳಿಸಬಹುದು. ಶ್ವಾಸಕೋಶ ಅರಳದಿದ್ದರೂ ಇದು ಉಪಯೋಗಕ್ಕೆ ಬರುತ್ತದೆ. ಆದರೆ ಕೊಳವೆಗೆ ಖರ್ಚು ಹೆಚ್ಚು, ಶುಚಿತ್ವ ತಪ್ಪಿದರೆ ಸೋಂಕಿನ ಭಯವಿದೆ. 2012ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ಈ ಎರಡನ್ನೂ ಹೋಲಿಸಿತು. ಏದುಸಿರು ಎರಡರಿಂದಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿತು. ಮನೆಯ ಕೊಳವೆಯವರು ಆಸ್ಪತ್ರೆಯಲ್ಲಿ ಕಳೆದ ದಿನಗಳು ಕಡಿಮೆ, ಸಣ್ಣಪುಟ್ಟ ತೊಂದರೆಗಳು ಮಾತ್ರ ಹೆಚ್ಚು. ಆದ್ದರಿಂದ ಇಲ್ಲಿ ‘ಇದೇ ಮೇಲು’ ಎಂಬುದಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರು ಇದ್ದಾರೆಯೇ, ಶ್ವಾಸಕೋಶ ಅರಳುತ್ತದೆಯೇ, ಖರ್ಚು ತಡೆದೀತೇ ಎಂಬುದನ್ನು ನೋಡಬೇಕು. ಎಲ್ಲಕ್ಕಿಂತ ಮೊದಲು ಆ ತಾಯಿಗೆ ಏನು ಬೇಕು ಎಂದು ಅವರನ್ನೇ ಕೇಳಬೇಕು.

ಕೊಳವೆ ಇದ್ದಾಗ ಮನೆಯವರು ಮಾಡಬೇಕಾದದ್ದು

ಬಾಟಲಿ ಯಾವಾಗಲೂ ರೋಗಿಯ ಎದೆಗಿಂತ ಕೆಳಗಿರಬೇಕು. ಶೌಚಕ್ಕೆ, ಎಕ್ಸ್-ರೇಗೆ ಹೋಗುವಾಗ ಹೆಗಲಮಟ್ಟಕ್ಕೆ ಎತ್ತಿ ಹಿಡಿಯಬಾರದು. ಎತ್ತಿದರೆ ಬಾಟಲಿಯ ನೀರು ಹಿಂದಕ್ಕೆ ಎದೆಯೊಳಗೆ ಹರಿದೀತು.

ಉಸಿರಿನೊಂದಿಗೆ ಕೊಳವೆಯಲ್ಲಿನ ನೀರು ಏರಿಳಿಯುತ್ತಿದ್ದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ಏರಿಳಿತ ನಿಂತರೆ ನರ್ಸಿಗೆ ತಿಳಿಸಿ. ಕೊಳವೆ ಮಡಿಚಿಕೊಂಡಿರಬಹುದು, ಕಟ್ಟಿಕೊಂಡಿರಬಹುದು, ಅಥವಾ ಶ್ವಾಸಕೋಶ ಅರಳಿಯೂ ಇರಬಹುದು. ಗುಳ್ಳೆ ಬರುತ್ತಿರುವಾಗ ಯಾರೂ ತಾವಾಗಿ ಕೊಳವೆಗೆ ಕ್ಲಿಪ್ ಹಾಕಬಾರದು.

ಕೊಳವೆ ಜಾರಿ ಹೊರಬಂದರೆ ಗಾಬರಿಯಾಗಿ ಮತ್ತೆ ಒಳಗೆ ತುರುಕಬೇಡಿ. ಶುದ್ಧ ಬಟ್ಟೆಯಿಂದ ಆ ಜಾಗವನ್ನು ಮುಚ್ಚಿ ಹಿಡಿದು ಸಿಬ್ಬಂದಿಯನ್ನು ಕೂಗಿ. ನೋವಿನ ಮಾತ್ರೆಯನ್ನು ಕೇಳಿ ಪಡೆಯಿರಿ. ನೋವಿಗೆ ಹೆದರಿ ಉಸಿರು ಬಿಗಿಹಿಡಿದರೆ ಶ್ವಾಸಕೋಶ ಅರಳುವುದಿಲ್ಲ. ಮೂರು ಚೆಂಡಿನ ಉಸಿರಾಟದ ಸಾಧನವನ್ನು ವೈದ್ಯರು ಹೇಳಿದಂತೆ ಮತ್ತೆ ಮತ್ತೆ ಎಳೆಯುವುದು ಕೂಡ ಚಿಕಿತ್ಸೆಯ ಭಾಗವೇ. ಮೊಟ್ಟೆ, ಬೇಳೆ, ಕಾಳು, ಹಾಲು ಮುಂತಾದ ಪ್ರೋಟೀನ್ ಇರುವ ಆಹಾರ ಧಾರಾಳವಾಗಿರಲಿ. ‘ಎದೆಯಲ್ಲಿ ನೀರಿದೆ, ಮೊಸರು ಬೇಡ, ನೀರು ಕುಡಿಯಬೇಡ’ ಎಂಬ ಪಥ್ಯಕ್ಕೆ ಆಧಾರವಿಲ್ಲ. ಹೃದಯ, ಮೂತ್ರಪಿಂಡ, ಯಕೃತ್ತಿನ ರೋಗಿಗಳಿಗೆ ಮಾತ್ರ ವೈದ್ಯರು ಹೇಳಿದ ಉಪ್ಪು, ನೀರಿನ ಮಿತಿ ಅನ್ವಯಿಸುತ್ತದೆ.

ಕೆಲಸ, ಸಂಬಳ, ಸವಲತ್ತು

ಕ್ಷಯದ ಪರೀಕ್ಷೆ ಮತ್ತು ಔಷಧಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ಪೋಷಣೆಗಾಗಿ ನಿಕ್ಷಯ ಪೋಷಣ್ ಯೋಜನೆಯಡಿ 2018ರಿಂದ ತಿಂಗಳಿಗೆ 500 ರೂ. ಕೊಡುತ್ತಿದ್ದರು, 2024ರ ನವೆಂಬರಿನಿಂದ ಅದು 1,000 ರೂ. ಆಗಿದೆ. ಇ.ಎಸ್.ಐ. ಚೀಟಿ ಇರುವ ಕಾರ್ಮಿಕರು ರಾಜಾಜಿನಗರ, ಪೀಣ್ಯದ ಇ.ಎಸ್.ಐ. ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯಬಹುದು. ಬಹಳ ಜನರಿಗೆ ತಿಳಿಯದ ಸಂಗತಿ ಒಂದಿದೆ: ಇ.ಎಸ್.ಐ.ನ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿ ಕ್ಷಯವೂ ಇದೆ, ಬಹುಕಾಲದ ಎದೆಕೀವೂ ಇದೆ. ಎರಡು ವರ್ಷದ ನೌಕರಿ ಮತ್ತು ನಿಗದಿತ ವಂತಿಗೆಯ ಷರತ್ತು ಪೂರೈಸಿದವರಿಗೆ ಸಂಬಳದ ಶೇ. 80ರಷ್ಟು ವಿಸ್ತೃತ ಕಾಯಿಲೆ ಭತ್ಯೆ ದೊರೆಯುತ್ತದೆ. ನೌಕರಿ ಬಿಡುವ ಮುನ್ನ, ಸಾಲ ಮಾಡುವ ಮುನ್ನ ಇದನ್ನು ವಿಚಾರಿಸಿ. ಎದೆರೋಗಗಳಿಗೆಂದೇ ಇರುವ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ನಿಮ್ಹಾನ್ಸ್ ಬಳಿ ಇದೆ. ಕ್ಯಾನ್ಸರಿನ ರೋಗಿಗಳಿಗೆ ಕಿದ್ವಾಯಿ ಸಂಸ್ಥೆ ಇದೆ.

ಪೀಣ್ಯದ ಫೌಂಡ್ರಿಗಳಲ್ಲಿ, ಮರಳು ಸಿಡಿಸಿ ಲೋಹ ಉಜ್ಜುವ ಘಟಕಗಳಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಸಿಲಿಕಾ ದೂಳು ಶ್ವಾಸಕೋಶಕ್ಕೆ ಹೋದವರಲ್ಲಿ ಕ್ಷಯ ಬರುವ ಸಂಭವ ಹೆಚ್ಚು. ನಿಮ್ಮ ಕೆಲಸ ಏನೆಂಬುದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ. ಮಕ್ಕಳಿರುವ ಮನೆಗಳಲ್ಲಿ, 2021ರಿಂದ ದೇಶದಾದ್ಯಂತ ಉಚಿತವಾಗಿ ಕೊಡುತ್ತಿರುವ ನ್ಯುಮೊಕಾಕಲ್ ಲಸಿಕೆಯನ್ನು ಆರನೇ ವಾರ, ಹದಿನಾಲ್ಕನೇ ವಾರ ಮತ್ತು ಒಂಬತ್ತನೇ ತಿಂಗಳಲ್ಲಿ ತಪ್ಪದೆ ಹಾಕಿಸಿ. ನ್ಯುಮೋನಿಯಾ ತಡೆದರೆ ಎದೆಕೀವನ್ನೂ ತಡೆದಂತೆ.

ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಶ್ನೆ: ಒಮ್ಮೆ ತೆಗೆಸಿದರೆ ಮತ್ತೆ ತುಂಬುತ್ತದೆ ಎನ್ನುತ್ತಾರಲ್ಲ?
ಉತ್ತರ: ತುಂಬುವುದು ಸೂಜಿಯಿಂದಲ್ಲ. ಮೂಲ ಕಾಯಿಲೆ ಹಾಗೇ ಉಳಿದರೆ ತುಂಬುತ್ತದೆ. ತೆಗೆದರೂ ಸರಿ, ತೆಗೆಯದಿದ್ದರೂ ಸರಿ.

ಪ್ರಶ್ನೆ: ಎದೆಯಲ್ಲಿ ಕ್ಷಯದ ನೀರಿದ್ದರೆ ಮನೆಯವರಿಗೆ ಅಂಟುತ್ತದೆಯೆ?
ಉತ್ತರ: ನೀರು ಮುಚ್ಚಿದ ಜಾಗದಲ್ಲಿರುತ್ತದೆ, ಅದರಿಂದಲೇ ಅಂಟುವುದಿಲ್ಲ. ಆದರೆ ಜೊತೆಗೆ ಶ್ವಾಸಕೋಶದಲ್ಲೂ ಕ್ಷಯವಿರಬಹುದು. ಆದ್ದರಿಂದ ಕಫ ಪರೀಕ್ಷೆ ಆಗಲೇಬೇಕು. ಮನೆಯಲ್ಲಿ ಕೆಮ್ಮು, ಜ್ವರ ಇರುವ ಎಲ್ಲರೂ ತೋರಿಸಿಕೊಳ್ಳಬೇಕು.

ಪ್ರಶ್ನೆ: ನೀರು ತೆಗೆಸಿದ ಮೇಲೆ ಯಾವಾಗ ಮತ್ತೆ ಆಸ್ಪತ್ರೆಗೆ ಓಡಬೇಕು?
ಉತ್ತರ: ಇದ್ದಕ್ಕಿದ್ದಂತೆ ಏದುಸಿರು, ಹೊಸದಾಗಿ ಎದೆನೋವು, ಕಫದಲ್ಲಿ ರಕ್ತ, ಚುಚ್ಚಿದ ಜಾಗದಲ್ಲಿ ರಕ್ತ ಅಥವಾ ಕೀವು, ಚಳಿಜ್ವರ, ಇವುಗಳಲ್ಲಿ ಯಾವುದಾದರೂ ಕಂಡರೆ ತಡಮಾಡಬೇಡಿ.

ಕೊನೆಯದಾಗಿ, ಲಗ್ಗೆರೆಯ ಸೋದರಿಗೆ. ನಿಮ್ಮ ಅತ್ತೆಯವರ ಭಯ ಸುಳ್ಳಲ್ಲ, ಅವರು ಕಣ್ಣಾರೆ ಸಾವು ಕಂಡಿದ್ದಾರೆ. ಆದರೆ ಮೂರು ತಿಂಗಳು ಕಳೆದ ಮೇಲೆ ಬಂದ ಸಾವಿಗೆ ಸೂಜಿ ಕಾರಣವಾಗಿರುವುದು ಅಸಂಭವ. ನೀರು ತುಂಬಿಸಿದ ಕಾಯಿಲೆಯೇ ಕಾರಣವಾಗಿರಬೇಕು. ಆ ಕಾಯಿಲೆ ಯಾವುದೆಂದು ಹೇಳಬಲ್ಲದ್ದು ಆ ನೀರೇ. ಅದನ್ನು ತೆಗೆಸದೆ ಇದ್ದರೆ ಔಷಧಿಯನ್ನು ಕತ್ತಲಲ್ಲಿ ಕೊಟ್ಟಂತಾಗುತ್ತದೆ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಎದುರಿಗೇ ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಈ ನೀರು ಯಾವ ಕಾಯಿಲೆಯದು ಎಂದು ಅನುಮಾನ? ಇವರಿಗೆ ಸೂಜಿ ಸಾಕೆ, ಕೊಳವೆ ಬೇಕೆ, ಏಕೆ? ಅಲ್ಟ್ರಾಸೌಂಡ್ ನೋಡಿಕೊಂಡು ಮಾಡುತ್ತೀರಾ? ಯಜಮಾನರು ಕೆಲಸಕ್ಕೆ ಹೋಗುವ ಹಟವನ್ನು ಸದ್ಯಕ್ಕೆ ಬಿಡಲಿ. ಲೇತಿನ ಮುಂದೆ ನಿಲ್ಲಲು ಮುಂದೆ ಬೇಕಾದಷ್ಟು ವರ್ಷಗಳಿವೆ.